ನಿಮಿಷದ ಲೆಕ್ಕದಲ್ಲಿ ಭವಿಷ್ಯ

ಮಾನ್ಯ ಸಂಪಾದಕರೇ,

ಊರಿನ ಜೋಯಿಸರು ಮನೆತನದ ಕಷ್ಟಸುಖ ಬಲ್ಲವರಾಗಿದ್ದು, ಪಂಚಾಂಗ ನೋಡಿ, ಕವಡೆ ಹಾಕಿ ಹೇಳುತ್ತಿದ್ದರು. ದಕ್ಷಿಣೆ ಕೊಡುವವರ ಶಕ್ತಿಯಿದ್ದಷ್ಟು. ಈಗಿನ ಜ್ಯೋತಿಷ್ಯ ಆ್ಯಪ್‌ಗಳಲ್ಲಿ ನಿಮಿಷಕ್ಕಿಷ್ಟೆಂದು ವ್ಯಾಲೆಟ್‌ನಿಂದ ಹಣ ಕಡಿತವಾಗುವುದರಿಂದ, ಸಾಡೇಸಾತಿಯ ವಿವರಣೆ ಮುಗಿಯುವಷ್ಟರಲ್ಲಿ ಹಣ ತೀರಿ, ಪರಿಹಾರ ಕೇಳಲು ಮತ್ತೆ ರೀಚಾರ್ಜ್ ಮಾಡಬೇಕಾಗುತ್ತದೆ. ಸಾಫ್ಟ್‌ವೇರ್ ಬರೆಯುವ ಕುಂಡಲಿಯಲ್ಲಿ ಗಣಿತದ ತಪ್ಪು ಕಡಿಮೆಯೇ ಎನ್ನಿ. ಆದರೆ ಜನ್ಮದಿನಾಂಕದಿಂದ ಹಿಡಿದು ದಾಂಪತ್ಯದ ಕಲಹದವರೆಗೆ ನಾವು ಹೇಳಿಕೊಂಡದ್ದೆಲ್ಲ ಅಪರಿಚಿತ ಕಂಪನಿಯ ಪಾಲಾಗುತ್ತದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯು ಜ್ಯೋತಿಷಿಗಳ ಸಲಹೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಂಬಿಕೆಯ ಗೊಡವೆ ಸರ್ಕಾರಕ್ಕೆ ಬೇಡ. ಹಣ ಕಡಿತ, ಮರುಪಾವತಿ ಮತ್ತು ಖಾಸಗಿ ಮಾಹಿತಿಯ ಬಳಕೆಯ ಬಗ್ಗೆಯಾದರೂ ಗ್ರಾಹಕ ವ್ಯವಹಾರಗಳ ಇಲಾಖೆ ಈ ಕಂಪನಿಗಳನ್ನು ವಿಚಾರಿಸಲಿ.

– ಓದುಗ, ಶಿವಮೊಗ್ಗ