‘ಬಸ್ಸು’ ಎಂಬ ಪದವನ್ನು ಕುರಿತು ಬರೆಯುತ್ತಿರುವ ಯುವ ಮಿತ್ರರಿಗೆ

ಆತ್ಮೀಯರೇ, ನಮಸ್ಕಾರ.

‘ಬಸ್ಸು’ ಎಂಬ ಪದದ ಅರ್ಥ, ಹುಟ್ಟು ಮತ್ತು ಬಳಕೆಯ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಎಲ್ಲರ ಬಾಯಲ್ಲೂ ದಿನನಿತ್ಯ ಓಡಾಡುವ ಪದವನ್ನೇ ಆರಿಸಿಕೊಂಡಿದ್ದೀರಿ ಎಂಬುದು ನನಗೆ ಬಹಳ ಸಂತೋಷ ತಂದಿತು. ಆದರೆ ಲೇಖನದ ಮುಕ್ಕಾಲು ಭಾಗ ಪದದ ಹುಟ್ಟಿನಲ್ಲೇ ನಿಂತುಬಿಟ್ಟಿದೆ. ಹುಟ್ಟಿದ ಮೇಲೆ ಜನ ಅದನ್ನು ಹೇಗೆ ಬಳಸಿಕೊಂಡರು ಎಂಬುದಕ್ಕೆ ಕೊನೆಯ ಒಂದು ಪ್ಯಾರಾ ಮಾತ್ರ ಉಳಿದಿದೆ. ಈ ಪ್ರಮಾಣವನ್ನು ತಿರುಗಿಸಬೇಕು ಎಂಬುದೇ ನನ್ನ ಮುಖ್ಯ ಸಲಹೆ.

ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿಗೆ ‘ಓಮ್ನೆಸ್ ಓಮ್ನಿಬುಸ್’ ಎಂಬ ಫಲಕವಿತ್ತು, ಅದರ ಮುಂದಿನಿಂದ ಹೊರಡುತ್ತಿದ್ದ ಗಾಡಿಗೆ ‘ಓಮ್ನಿಬುಸ್’ ಎಂಬ ಹೆಸರೇ ಅಂಟಿಕೊಂಡಿತು ಎಂದು ನೀವು ಖಚಿತ ಇತಿಹಾಸದಂತೆ ಬರೆದಿದ್ದೀರಿ. ಕಥೆ ಸೊಗಸಾಗಿದೆ, ಅದನ್ನು ಅನುಮಾನಿಸುವವರೂ ಇದ್ದಾರೆ. ಹೀಗೊಂದು ಕಥೆಯುಂಟು ಎಂದಷ್ಟೇ ಹೇಳಿ ಮುಂದೆ ಸಾಗಿ, ಏಕೆಂದರೆ ಗಟ್ಟಿಯಾಗಿ ಹೇಳಬಹುದಾದದ್ದೇ ಸಾಕಷ್ಟಿದೆ. ಅದೇ ಊರಿನಲ್ಲಿ 1826ರಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬುವನು ತನ್ನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆಗಾಡಿ ಓಡಿಸತೊಡಗಿದ. ಸ್ನಾನದ ಗೊಡವೆಯೇ ಇಲ್ಲದವರು ದಾರಿಯಲ್ಲಿ ಹತ್ತಿ ಇಳಿಯುವುದನ್ನು ಕಂಡು ಗಾಡಿ ಓಡಿಸುವುದನ್ನೇ ಕಸುಬಾಗಿಸಿಕೊಂಡು, 1828ರ ಹೊತ್ತಿಗೆ ಪ್ಯಾರಿಸ್ಸಿಗೂ ಹೋದ. ಮರುವರ್ಷ ಜುಲೈ 4ರಂದು ಜಾರ್ಜ್ ಶಿಲ್ಲಿಬಿಯರ್ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಪ್ರದೇಶದವರೆಗೆ ಮೂರು ಕುದುರೆಗಳ ‘ಆಮ್ನಿಬಸ್’ ಓಡಿಸಿದ.

ಲ್ಯಾಟಿನ್ನಿನ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೆ’. ಅದರಲ್ಲಿ ‘ಎಲ್ಲ’ ಎಂಬ ಅರ್ಥವಿರುವುದು ‘ಓಮ್ನಿ’ ಎಂಬ ಭಾಗದಲ್ಲಿ. ‘ಬುಸ್’ ಬರೀ ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯ. 1830ರ ದಶಕದಲ್ಲೇ ಇಂಗ್ಲಿಷರು ಅರ್ಥವಿದ್ದ ಭಾಗವನ್ನು ಬಿಟ್ಟು ‘ಬಸ್’ ಎಂಬ ಪ್ರತ್ಯಯವನ್ನು ಇಟ್ಟುಕೊಂಡರು. ನಮ್ಮ ‘ಎಲ್ಲರಿಗೆ’ಯಲ್ಲಿ ‘ಎಲ್ಲ’ ಬಿದ್ದುಹೋಗಿ ‘ರಿಗೆ’ ಎಂಬುದೇ ವಾಹನದ ಹೆಸರಾಗಿದ್ದರೆ ಹೇಗಿರುತ್ತಿತ್ತೋ ಹಾಗೆ. ಬಹುಕಾಲ ಆ ತುಂಡುಪದದ ಮೊದಲಿಗೆ ಲೋಪಚಿಹ್ನೆ ಹಾಕಿ ’bus ಎಂದೇ ಬರೆಯುತ್ತಿದ್ದರು. ಬರಬರುತ್ತ ಅದೂ ಹೋಯಿತು. ಆಮೇಲೆ ಆ ಪ್ರತ್ಯಯದಿಂದಲೇ ಮಿನಿಬಸ್, ಟ್ರಾಲಿಬಸ್, ಏರ್‌ಬಸ್ ಎಂಬ ಹೊಸ ಪದಗಳು ಹುಟ್ಟಿದವು. ಹಲವು ಸರ್ಕ್ಯೂಟುಗಳಿಗೆ ಕರೆಂಟು ಹಂಚುವ ಲೋಹದ ಪಟ್ಟಿಗೂ ‘ಬಸ್‌ಬಾರ್’ ಎಂಬ ಹೆಸರು ಬಂದಿತು.

‘ಎಲ್ಲರಿಗೆ’ ಎಂಬ ಅರ್ಥವನ್ನು ಹಿಡಿದು, ಬಸ್ಸು ಹುಟ್ಟಿನಿಂದಲೇ ಸಮಾನತೆಯ ವಾಹನ ಎಂಬ ತೀರ್ಮಾನಕ್ಕೆ ಬಂದಿದ್ದೀರಿ. ಇದನ್ನು ನಾನು ಒಪ್ಪಲಾರೆ. ಪದದ ವ್ಯುತ್ಪತ್ತಿ ವಸ್ತುವಿನ ಚರಿತ್ರೆಗೆ ಸಾಕ್ಷಿಯಾಗುವುದಿಲ್ಲ. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದದ್ದು ಬಸ್ಸಿನಲ್ಲೇ. ಅಲ್ಲಿನ ಕಪ್ಪು ಜನ 381 ದಿನ ಬಸ್ಸುಗಳನ್ನು ಬಹಿಷ್ಕರಿಸಿದ ಮೇಲೆ, ನ್ಯಾಯಾಲಯದ ತೀರ್ಪಿನ ಬಲದಿಂದ, ಆ ಊರಿನ ಬಸ್ಸುಗಳಲ್ಲಿ ‘ಎಲ್ಲರಿಗೆ’ ಎಂಬ ಮಾತಿಗೆ ಅರ್ಥ ಬಂದಿತು. ಪದ ಮೊದಲೇ ಕೊಟ್ಟಿದ್ದ ಮಾತನ್ನು ಜನ ಹೋರಾಡಿ ನಡೆಸಿಕೊಳ್ಳಬೇಕಾಯಿತು ಎಂಬುದನ್ನು ಬರೆಯಿರಿ. ನಿಮ್ಮ ಲೇಖನಕ್ಕೆ ಆ ಭಾಗ ಅಗತ್ಯ.

ಇನ್ನು ಕನ್ನಡದ ಬಳಕೆ. ನೀವು ಅವಸರದಲ್ಲಿ ದಾಟಿಹೋದ ಈ ಜಾಗದಲ್ಲೇ ನಿಮ್ಮ ನಿಜವಾದ ಲೇಖನವಿದೆ ಎಂದು ನನಗನ್ನಿಸುತ್ತದೆ. ಹ್ರಸ್ವ ಸ್ವರದ ಬಳಿಕ ಬರುವ ವ್ಯಂಜನವನ್ನು ಇಮ್ಮಡಿಸಿ ಕೊನೆಗೆ ಉಕಾರ ಸೇರಿಸುವುದು ನಮ್ಮ ನಾಲಿಗೆಯ ರೂಢಿ. ಆದ್ದರಿಂದಲೇ ಪೆನ್ನು, ಬಸ್ಸು ಎನ್ನುತ್ತೇವೆ, ದೀರ್ಘವಿರುವ ಕಾರು, ಬೈಕುಗಳಲ್ಲಿ ಇಮ್ಮಡಿಸುವುದಿಲ್ಲ. ಆ ಮೇಲೆ ‘ರಾತ್ರಿ ಬಸ್ಸಿಗೆ ಬಂದೆ’ ಎನ್ನುತ್ತೇವೆ. ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿಯೂ ಬಂದು ಕೂತಿದೆ, ಆದರೂ ಆ ‘ಗೆ’ ಇಲ್ಲಿ ಸೂಚಿಸುವುದು ಯಾವ ಬಸ್ಸಿನಲ್ಲಿ, ಯಾವ ಹೊತ್ತಿಗೆ ಎಂಬುದನ್ನು. ದಿನಕ್ಕೆ ಒಂದೆರಡೇ ಬಸ್ಸು ಬರುವ ಹಳ್ಳಿಗಳಲ್ಲಿ ‘ಮೊದಲ ಬಸ್ಸಿಗೆ ಹೋದರು’, ‘ಸಂಜೆ ಬಸ್ಸು ಬರುವಷ್ಟರಲ್ಲಿ ಹಾಲು ಕರೆದಾಗಿತ್ತು’ ಎಂಬ ಮಾತುಗಳಲ್ಲಿ ಬಸ್ಸು ಗಡಿಯಾರವೇ ಆಗಿರುತ್ತದೆ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ‘ಹಾಲ್ಟಿಂಗ್ ಬಸ್ಸು’, ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲು ಹಾಕಿ ‘ಸೀಟು ಹಿಡಿಯುವುದು’, ಕಂಡಕ್ಟರಿನ ‘ರೈಟ್, ರೈಟ್’ ಇವೆಲ್ಲ ಈ ಪದದ ಬಳಗ. ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸಾರಿಗೆ ಸೇವೆ ಆರಂಭಿಸಿದ್ದು ನಿಮ್ಮ ಲೇಖನದಲ್ಲಿದೆ. ಅದರ ಜೊತೆಗೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಳಿಕ ಹೆಂಗಸರ ಮಾತಿನಲ್ಲಿ ‘ಫ್ರೀ ಬಸ್ಸು’ ಹೇಗೆ ನೆಲೆಸಿದೆ ಎಂಬುದನ್ನೂ ನೋಡಿ.

ಇದಕ್ಕಾಗಿ ನಿಘಂಟಿನ ಜೊತೆಗೆ ಬಸ್‌ಸ್ಟ್ಯಾಂಡಿಗೂ ಹೋಗಬೇಕು. ಅಲ್ಲಿ ಕಿವಿಗೆ ಬಿದ್ದ ವಾಕ್ಯಗಳನ್ನು ಗ್ರಾಂಥಿಕಕ್ಕೆ ತಿದ್ದದೆ, ಯಾವ ಊರಿನಲ್ಲಿ ಕೇಳಿದ್ದೆಂದು ಗುರುತು ಹಾಕಿ ಬರೆದುಕೊಳ್ಳಿ. ಧಾರವಾಡದ ಮಾತನ್ನೂ ಮಂಗಳೂರಿನ ಮಾತನ್ನೂ ಬೆರೆಸಬೇಡಿ. ಟೋಪಿ ವ್ಯಾಪಾರಿಗೆ ಎರಡು ಸಾಲು ಸಾಕು. ತಿದ್ದಿದ ಪ್ರತಿಯನ್ನು ಕಳುಹಿಸಿಕೊಡಿ, ಕಾಯುತ್ತಿರುತ್ತೇನೆ.

ನಿಮ್ಮ ಹಿತೈಷಿ