ಹೆಜ್ಜಾರ್ಲೆ ಕಾಯುವ ಕೆಲಸಕ್ಕೆ ನಮ್ಮ ಮಕ್ಕಳು: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸಂಕ್ರಾಂತಿ ಮುಗಿಯಿತು. ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಿಗೆ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಬಂದಿವೆ. ಈಗ ಎಂಟನೇ ತರಗತಿಯಲ್ಲಿರುವ ನಮ್ಮ ಮಕ್ಕಳಿಗಾಗಿ ಈ ವರ್ಷ ಪೂರ್ತಿ ನಡೆಯುವ ಒಂದು ಕಾರ್ಯಕ್ರಮವನ್ನು ಶುರು ಮಾಡಬೇಕೆಂದು ಶಿಕ್ಷಕರೂ ಶಾಲಾಭಿವೃದ್ಧಿ ಸಮಿತಿಯವರೂ (ಎಸ್‌ಡಿಎಂಸಿ) ಸೇರಿ ತೀರ್ಮಾನಿಸಿದ್ದೇವೆ. ಅದಕ್ಕೆ ದುಡ್ಡು ಬೇಕು. ಯಾಕೆ ಬೇಕು, ಎಷ್ಟು ಬೇಕು, ಎಲ್ಲಿಂದ ತರುತ್ತೇವೆ ಎಂಬುದನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು, ನಮ್ಮ ಪಕ್ಕದ ಊರಾದ ಕೊಕ್ಕರೆ ಬೆಳ್ಳೂರಿನಲ್ಲಿ ಏನು ನಡೆದಿದೆ ಎಂದು ನೋಡಿ. ನಾವೆಲ್ಲ ಚಿಕ್ಕಂದಿನಿಂದ ಆ ಹಕ್ಕಿಗಳನ್ನು ನೋಡಿದವರೇ. ಹಾಗಾಗಿ ಅದರ ಬೆಲೆ ನಮಗೆ ಜಾಸ್ತಿ ಗೊತ್ತಾಗುವುದಿಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಅಲ್ಲಿಗೆ ಬಂದು, ಇಂಥದ್ದೊಂದು ಊರಿದೆ ಎಂದು ಹೊರಗಿನವರಿಗೆ ತಿಳಿಸಿದರು. ಅವರು ಬರುವ ಎಷ್ಟೋ ಮೊದಲೇ ಊರಿನವರು ಹಕ್ಕಿಗಳ ಜೊತೆ ಬಾಳುತ್ತಿದ್ದರು. ಈ ಹಕ್ಕಿಗಳು ಹೆರಿಗೆಗೆ ತವರಿಗೆ ಬರುವ ಮಗಳಂತೆ ಎಂದು ಅಲ್ಲಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಮರದ ಕೆಳಗೆ ಗುಂಡಿ ತೋಡಿ, ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನ ಜೊತೆ ಕೊಳೆಸಿ ಹೊಲಕ್ಕೆ ಹಾಕುತ್ತಿದ್ದರು. ಹಕ್ಕಿಯಿಂದ ಗೊಬ್ಬರ, ಊರಿನಿಂದ ಹಕ್ಕಿಗೆ ಕಾವಲು.

ಕಾಲ ಬದಲಾಯಿತು. ಅಂಗಡಿಯಲ್ಲಿ ಚೀಲದ ಗೊಬ್ಬರ ಸಿಗತೊಡಗಿತು. ಹುಣಸೆಗೆ ಒಳ್ಳೆಯ ರೇಟು ಬಂತು. ಹಕ್ಕಿ ಕೂತ ಮರದಲ್ಲಿ ಹಣ್ಣು ಕೈಗೆ ಬರುವುದು ಕಡಿಮೆ, ಮನೆ ಕಟ್ಟಲು ಜಾಗ ಬೇಕಾದರೆ ಅದೇ ಮರ ಅಡ್ಡ. ಮರದ ಯಜಮಾನನ ಲೆಕ್ಕ ತಪ್ಪೇನಲ್ಲ, ಅಲ್ವಾ? ಅದಕ್ಕೇ ಅರಣ್ಯ ಇಲಾಖೆ, ಹಕ್ಕಿ ಗೂಡು ಕಟ್ಟುವ ಮರಗಳ ಮಾಲೀಕರಿಗೆ ಫಸಲಿನ ನಷ್ಟಕ್ಕೆಂದು ವರ್ಷಕ್ಕಿಷ್ಟು ಹಣ ಕೊಡುವ ಏರ್ಪಾಡು ಮಾಡಿತು. ಹಕ್ಕಿ ಉಳಿಯಬೇಕಾದರೆ ಮರದವನ ಮನೆ ಖರ್ಚನ್ನೂ ನೋಡಬೇಕು ಎಂದು ಒಪ್ಪಿಕೊಂಡ ಕ್ರಮ ಅದು. ನನಗೆ ತುಂಬಾ ಮೆಚ್ಚುಗೆಯಾದ ಕ್ರಮ.

ಆದರೆ ಮರ ಉಳಿದರೆ ಸಾಲದು. ಗೂಡಿನಿಂದ ಮರಿ ಬೀಳುತ್ತದೆ. ಗಾಳಿಗೆ ಬೀಳುತ್ತದೆ, ಒಡಹುಟ್ಟಿದ ಮರಿ ತಳ್ಳಿ ಬೀಳುತ್ತದೆ. ಬಿದ್ದ ಹೆಜ್ಜಾರ್ಲೆ ಮರಿಯನ್ನು ನೀವು ಹತ್ತಿರದಿಂದ ನೋಡಿರಬಹುದು. ಮೈಗಿಂತ ಕೊಕ್ಕೇ ದೊಡ್ಡದು, ರೆಕ್ಕೆ ಇನ್ನೂ ಬಲಿತಿರುವುದಿಲ್ಲ, ಎದ್ದು ನಿಲ್ಲಲು ಹೋಗಿ ಮುಗ್ಗರಿಸುತ್ತದೆ. ತಾಯಿ ಕೆಳಗಿಳಿದು ಬಂದು ಗುಟುಕು ಕೊಡುವುದಿಲ್ಲ. ನಾಯಿ ಕಣ್ಣಿಗೆ ಬಿದ್ದರೆ ಮುಗಿಯಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯ ಕೆ. ಮನು ಮತ್ತು ಅವರ ಗೆಳೆಯರು ಊರಿನ ಹುಡುಗರನ್ನೇ ಜೊತೆ ಮಾಡಿಕೊಂಡು ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಬಿದ್ದ ಮರಿಯನ್ನು ತಂದು, ಬೇಲಿ ಹಾಕಿದ ಜಾಗದಲ್ಲಿಟ್ಟು, ಸಣ್ಣ ಮೀನು ತಿನ್ನಿಸಿ, ಹಾರುವಷ್ಟು ಬಲ ಬಂದ ಮೇಲೆ ಬಿಡುವುದು ಅವರ ಕೆಲಸ. ಕೇಳಲು ಸಣ್ಣ ಕೆಲಸ ಅನ್ನಿಸುತ್ತದೆ. ಮರಿಗೆ ದಿನಾ ಮೀನು ಬೇಕು. ಮೀನಿಗೆ ದುಡ್ಡು ಬೇಕು. ಕೂಲಿ ಬಿಟ್ಟು ಅಲ್ಲಿ ನಿಲ್ಲುವ ಮನುಷ್ಯ ಬೇಕು. ಭಾನುವಾರ, ಹಬ್ಬ ಎಂದು ರಜೆ ಹಾಕುವಂತಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ವನ್ಯಜೀವಿ ಸಂರಕ್ಷಣೆ ಎಂದರೆ ಬೋರ್ಡು, ಬ್ಯಾನರು, ಜೂನ್ 5ರ ಪರಿಸರ ದಿನಕ್ಕೆ ಒಂದು ಗಿಡ, ಒಂದು ಫೋಟೋ ಎಂದು ಆಗಿಬಿಟ್ಟಿದೆ. ಅವುಗಳಿಗೆ ದುಡ್ಡು ಬೇಗ ಹುಟ್ಟುತ್ತದೆ. ಒಬ್ಬ ಸ್ಥಳೀಯ ಹುಡುಗನಿಗೆ ತಿಂಗಳು ತಿಂಗಳು ಗೌರವಧನ ಕೊಟ್ಟು, ಅವನಿಂದ ಇನ್ನಷ್ಟು ಮಕ್ಕಳಿಗೆ ಕಲಿಸಲು ಮಾತ್ರ ಯಾರ ಹತ್ತಿರವೂ ದುಡ್ಡಿರುವುದಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಉಳಿದದ್ದು ಮನುಷ್ಯರಿಂದ. ಹಾಗಾಗಿ ನಮ್ಮ ಶಾಲೆಯ ಹಣವೂ ಮೊದಲು ಮನುಷ್ಯರಿಗೇ ಹೋಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಾಯಕತ್ವದ ಮಾತೂ ಇಲ್ಲೇ ಬರುತ್ತದೆ. 2007ರಲ್ಲಿ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರೇ ಸೇರಿ ಕಾಯುವ ಸಂರಕ್ಷಿತ ಜಾಗ, ಎಂದು ಘೋಷಿಸಿದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಇದಕ್ಕೆ ದಾರಿ ಮಾಡಿತು. ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಕಳಿಸಿದ ಕನಿಷ್ಠ ಐದು ಜನ ಇರಬೇಕು, ಅರಣ್ಯ ಇಲಾಖೆಯಿಂದ ಒಬ್ಬರು. ಸಮಿತಿ ಆರಿಸಿದ ಅಧ್ಯಕ್ಷರೇ ಆ ಪ್ರದೇಶದ ಗೌರವ ವನ್ಯಜೀವಿ ಪರಿಪಾಲಕರು. ಅಂದರೆ ಕಾನೂನು ಊರಿನವರಿಗೇ ಹೆಚ್ಚು ಕುರ್ಚಿ ಹಾಕಿದೆ. ಆ ಕುರ್ಚಿಯಲ್ಲಿ ಕೂತು ಲೆಕ್ಕ ಕೇಳುವವರು, ನಿರ್ಣಯ ಬರೆಯುವವರು, ಕೆರೆ ನೀರು ಹಾಳಾದರೆ ಅರ್ಜಿ ಕೊಡುವವರು ತಯಾರಾಗಬೇಡವೇ? ಅವರು ನಮ್ಮ ಮಕ್ಕಳೇ ಆಗಲಿ.

ಕೆರೆಯ ಮಾತು ಸುಮ್ನೆ ಎತ್ತಲಿಲ್ಲ. 2017-18ರ ಹಂಗಾಮಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತದ್ದು ನಿಮಗೆ ನೆನಪಿರಬಹುದು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಇಂಥ ಹುಳು ಹಕ್ಕಿಗೆ ತಗಲುವುದು ತಿನ್ನುವ ಮೀನಿನಿಂದ. ಗೂಡು ಬೆಳ್ಳೂರಿನಲ್ಲಿ, ಊಟ ಸುತ್ತಲಿನ ಕೆರೆಗಳಲ್ಲಿ ಮತ್ತು ಶಿಂಷಾ ಹೊಳೆಯಲ್ಲಿ. ಆದ್ದರಿಂದ ಇದು ಒಂದೇ ಊರಿನವರ ಜವಾಬ್ದಾರಿ ಅಲ್ಲ. ನಮ್ಮ ಊರಿನ ಕೆರೆಯೂ ಅದರಲ್ಲಿ ಸೇರಿದೆ.

ಇನ್ನು ಕಾರ್ಯಕ್ರಮ. ತಿಂಗಳಿಗೆ ಎರಡು ಶನಿವಾರ, ಬೆಳಗಿನ ಶಾಲೆ ಮುಗಿದು ಊಟವಾದ ಮೇಲೆ ನಡೆಯುತ್ತದೆ. ಹಕ್ಕಿಯ ಕೆಲಸ ಗೊತ್ತಿರುವ ಇಬ್ಬರು ಸ್ಥಳೀಯ ಯುವಕರು ಕಲಿಸುತ್ತಾರೆ. ಮಕ್ಕಳು ಮರದ ಪಟ್ಟಿ ಮಾಡುತ್ತಾರೆ, ಗೂಡು ಎಣಿಸಿ ನೋಟ್ ಬುಕ್ಕಿನಲ್ಲಿ ಬರೆಯುತ್ತಾರೆ, ಕೆರೆ ಅಂಗಳದಲ್ಲಿ ಬಿದ್ದಿರುವ ಕಸ, ಕೆರೆಗೆ ಸೇರುವ ಚರಂಡಿ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಹಿಂದೆ ಎಲ್ಲೆಲ್ಲಿ ಮರಗಳಿದ್ದವು ಎಂದು ಕೇಳುತ್ತಾರೆ. ವರ್ಷದ ಕೊನೆಗೆ ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯಿತಿಯವರ ಎದುರು ಇದನ್ನೆಲ್ಲ ಅವರೇ ಮಂಡಿಸುತ್ತಾರೆ. ಹಿಂದಿನ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗಿ ಎದ್ದು ನಿಂತು, ಕೆರೆ ಏರಿ ಮೇಲೆ ಕೋಳಿ ಅಂಗಡಿ ಕಸ ಯಾಕೆ ಸುರಿಯುತ್ತಾರೆ ಎಂದು ಕೇಳಿದಳು. ಧ್ವನಿ ನಡುಗುತ್ತಿತ್ತು, ಚೀಟಿ ಹಿಡಿದ ಕೈಯೂ ನಡುಗುತ್ತಿತ್ತು. ಆದರೂ ಪ್ರಶ್ನೆ ಪೂರ್ತಿ ಓದಿದಳು, ಉತ್ತರ ಬರುವವರೆಗೂ ಕೂರಲಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ನಡಾವಳಿಯಲ್ಲಿ ಬರೆಸಿದರು. ಇಂಥ ಧೈರ್ಯ ಪಾಠ ಓದಿ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ.

ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯಬೇಡಿ. ಪ್ರತಿ ಸಲವೂ ಒಬ್ಬ ಶಿಕ್ಷಕಿ ಜೊತೆಗಿರುತ್ತಾರೆ, ಸಂಜೆ ಐದರೊಳಗೆ ಮಕ್ಕಳು ಶಾಲೆಗೆ ವಾಪಸ್. ಹಕ್ಕಿ ಮರಿಗಳನ್ನು ಮಕ್ಕಳು ಮುಟ್ಟುವುದಿಲ್ಲ, ನೋಡಿ ಬರೆಯುವುದಷ್ಟೇ. ಓದಿಗೆ ತೊಂದರೆಯಾಗುತ್ತದೆ ಎಂಬ ಚಿಂತೆಯೂ ಬೇಡ. ಈ ಮಕ್ಕಳು ಹತ್ತನೇ ತರಗತಿಗೆ ಬರುವ ಮೊದಲೇ ಕಾರ್ಯಕ್ರಮ ಮುಗಿಯುತ್ತದೆ.

ಈಗ ದುಡ್ಡಿನ ಲೆಕ್ಕ. ಬೇಸಿಗೆ ರಜೆ ಬಿಟ್ಟು ಹತ್ತು ತಿಂಗಳು. ಇಬ್ಬರು ಯುವಕರಿಗೆ ತಿಂಗಳಿಗೆ ತಲಾ 2,000 ರೂಪಾಯಿಯಂತೆ 40,000. ಬೈನಾಕ್ಯುಲರ್, ನೋಟ್ ಬುಕ್, ಅಳತೆ ಟೇಪಿಗೆ 15,000. ಗಾಡಿ ಬಾಡಿಗೆಗೆ 12,000. ಗ್ರಾಮಸಭೆಯ ತಯಾರಿಗೆ, ನಕ್ಷೆ ಮುದ್ರಿಸಲು 5,000. ಒಟ್ಟು 72,000. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರೌಢಶಾಲೆಯ ಇಕೋ ಕ್ಲಬ್‌ಗೆ ವರ್ಷಕ್ಕೆ 25,000ದವರೆಗೆ ಅವಕಾಶವಿದೆ. ಅದನ್ನು ಪೂರ್ತಿ ಇದಕ್ಕೇ ಇಡುತ್ತೇವೆ. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ 20,000 ಕೊಡುವುದಾಗಿ ಹೇಳಿದ್ದಾರೆ. ಉಳಿದ 27,000ಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ.

ಇದು ಫೀಸಲ್ಲ. ಕೊಡಲೇಬೇಕೆಂದಿಲ್ಲ. ಐವತ್ತು ಕೊಟ್ಟರೂ ಸರಿ, ಐನೂರು ಕೊಟ್ಟರೂ ಸರಿ, ಏನೂ ಕೊಡದಿದ್ದರೂ ನಿಮ್ಮ ಮಗು ಕಾರ್ಯಕ್ರಮದಲ್ಲಿ ಇದ್ದೇ ಇರುತ್ತದೆ. ಯಾರು ಎಷ್ಟು ಕೊಟ್ಟರು ಎಂದು ತರಗತಿಯಲ್ಲಿ ಓದುವುದಿಲ್ಲ. ಈ ಸಲ ಕಬ್ಬಿನ ಬಿಲ್ಲು ಕೈಸೇರದೆ ಎಷ್ಟು ಮನೆಗಳಲ್ಲಿ ಕಷ್ಟವಿದೆ ಎಂದು ನನಗೆ ಗೊತ್ತು. ದುಡ್ಡಿನ ಬದಲು ಒಂದು ಶನಿವಾರ ಗಾಡಿ ಕೊಡಿ, ಮಕ್ಕಳಿಗೆ ಕಡಲೆಪುರಿ, ಬೆಲ್ಲ ಕಳಿಸಿ. ಅದೂ ಕೊಡುಗೆಯೇ. ಹಣ ಎಸ್‌ಡಿಎಂಸಿ ಖಾತೆಗೇ ಹೋಗುತ್ತದೆ, ರಸೀದಿ ಸಿಗುತ್ತದೆ, ಪ್ರತಿ ತಿಂಗಳ ಖರ್ಚು ನೋಟಿಸ್ ಬೋರ್ಡಿನಲ್ಲಿರುತ್ತದೆ.

ಬಿಡದಿ, ಬೆಂಗಳೂರು ಕಡೆ ಕಂಪನಿಗಳಲ್ಲಿ ಕೆಲಸ ಮಾಡುವ ಪೋಷಕರಿಗೆ ಒಂದು ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕು. ಶಿಕ್ಷಣವೂ ಪ್ರಾಣಿ ಪಕ್ಷಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿವೆ. ನಿಮ್ಮ ಕಂಪನಿಯ ಸಿಎಸ್‌ಆರ್ ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿ ನಮಗೆ ತಿಳಿಸಿ, ಸಾಕು. ನೋಂದಣಿಯಾದ ಒಂದು ಸಂಸ್ಥೆಯ ಮೂಲಕ ಅರ್ಜಿ ಹಾಕುವ ಕೆಲಸ ನಮ್ಮದು. ಒಂದು ವರ್ಷದ ಹಣಕ್ಕಿಂತ ಮೂರು ವರ್ಷದ ಭರವಸೆ ಕೇಳಬೇಕೆಂದಿದ್ದೇವೆ. ಕಲಿಸುವ ಯುವಕರು ಮುಂದಿನ ವರ್ಷ ಬೇರೆ ಕೆಲಸ ಹುಡುಕಿಕೊಂಡು ಹೋಗುವಂತಾಗಬಾರದು.

ಬರುವ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ಕಲಿಸಲಿರುವ ಯುವಕರೂ ಬರುತ್ತಾರೆ, ಅವರನ್ನೇ ನೇರವಾಗಿ ಕೇಳಿ. ಅಮ್ಮಂದಿರೂ ತಪ್ಪದೇ ಬನ್ನಿ. ಈ ಪತ್ರದ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಮದ್ದೂರು ತಾಲ್ಲೂಕು