ಶಿವಮೊಗ್ಗದ ಹೆಸರಿನ ತಂಡ ಶಿವಮೊಗ್ಗದಲ್ಲೂ ಆಡಲಿ

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ವೃತ್ತಿಪರ ರಗ್ಬಿ ಲೀಗ್ (13 ಜನರ ರಗ್ಬಿ) ಟೂರ್ನಿಗೆ 2027ರಲ್ಲಿ ಪರ್ತ್, 2028ರಲ್ಲಿ ಪಪುವಾ ನ್ಯೂಗಿನಿಯ ಪೋರ್ಟ್ ಮೊರೆಸ್ಬಿ ತಂಡಗಳು ಸೇರಲಿವೆ ಎಂಬ ಸುದ್ದಿ ಓದಿ ಈ ಪತ್ರ ಬರೆಯುತ್ತಿದ್ದೇನೆ. ಶಿವಮೊಗ್ಗದವನಿಗೆ ಅದರ ಉಸಾಬರಿ ಯಾಕೆ ಅನ್ನಬಹುದು. ದುರ್ಗಿಗುಡಿಯಲ್ಲಿ ನನ್ನದೊಂದು ಆಟದ ಸಾಮಾನಿನ ಅಂಗಡಿ ಇದೆ. ಜರ್ಸಿ ಪ್ರಿಂಟ್ ಮಾಡಿಸಿಕೊಡುವುದೇ ಮುಖ್ಯ ವ್ಯಾಪಾರ. ಯಾವ ತಂಡ ಯಾವ ಊರಿನದು ಅನ್ನೋದು ನನಗೆ ಹೊಟ್ಟೆಪಾಡಿನ ವಿಷಯ.

ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್, ಯಾವುದೇ ಇರಲಿ, ಹುಡುಗರು ಮೊದಲು ನೋಡುವುದು ಎದೆ ಮೇಲೆ ಊರಿನ ಹೆಸರು ಎಷ್ಟು ದಪ್ಪಗಿದೆ ಅಂತ. ದುಡ್ಡು ಕೊಟ್ಟ ಅಡಿಕೆ ಮಂಡಿಯ ಹೆಸರು ತೋಳಿಗೆ ಹೋಗಬೇಕು. ಹೊಸನಗರ ಕಡೆಯ ತಂಡವೊಂದಕ್ಕೆ ಮಂಡಿ ಸಾಹುಕಾರರು ತಮ್ಮ ಹೆಸರನ್ನೇ ಮೇಲೆ ಹಾಕಿಸಿ, ಊರಿನದನ್ನು ಕೆಳಗೆ ತಳ್ಳಿದ್ದರು. ಹುಡುಗರು ಕವರ್ ಬಿಚ್ಚಿ ನೋಡಿದವರೇ, 'ಅಣ್ಣಾ, ನಾವೇನು ಮಂಡಿ ಪರವಾಗಿ ಆಡ್ತೀವಾ?' ಅಂದು ಬಂಡಲ್ ಅಲ್ಲೇ ಬಿಟ್ಟು ಹೋದರು.

ಪರ್ತ್ ತಂಡದ ಹೆಸರು ಬೇರ್ಸ್, ಅಂದರೆ ಕರಡಿಗಳು. ಆ ಹೆಸರು ಅಸಲಿಗೆ ಸಿಡ್ನಿಯದು. 1908ರಲ್ಲಿ ಲೀಗ್ ಶುರುವಾದಾಗಲೇ ಇದ್ದ ನಾರ್ತ್ ಸಿಡ್ನಿ ಬೇರ್ಸ್ ತಂಡ 1999ರ ನಂತರ ಮೇಲಿನ ದರ್ಜೆಯಲ್ಲಿ ಉಳಿಯಲಿಲ್ಲ. ಈಗ ಅದೇ ಕರಡಿ, ಅದೇ ಕೆಂಪು-ಕಪ್ಪು ಬಣ್ಣ, ವಿಮಾನದಲ್ಲಿ ಐದು ಗಂಟೆ ದೂರದ ಪರ್ತ್‌ಗೆ ಹೊರಟಿವೆ. ಪರ್ತ್‌ನ ಗಡಿಯಾರ ಸಿಡ್ನಿಗಿಂತ ಎರಡು-ಮೂರು ಗಂಟೆ ಹಿಂದೆ. ಅಲ್ಲಿ ಸಂಜೆ ಆಡಿದರೆ ಸಿಡ್ನಿಯಲ್ಲಿ ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂರಬಹುದು. ಟಿವಿಯವರಿಗೆ ಅನುಕೂಲ, ಸರಿ. ಆದರೆ ಪರ್ತ್‌ನ ಜನಕ್ಕೆ ಹುಚ್ಚಿರುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಅನ್ನೋ ಬೇರೆಯೇ ಆಟದ್ದು. 1995ರಲ್ಲಿ ಅಲ್ಲಿ ವೆಸ್ಟರ್ನ್ ರೆಡ್ಸ್ ಅಂತ ಒಂದು ರಗ್ಬಿ ಲೀಗ್ ತಂಡ ಇಳಿಸಿ, 1997ಕ್ಕೇ ಮುಚ್ಚಿದ್ದರು. ಎದುರಾಳಿಗಳ ವಿಮಾನದ ಖರ್ಚನ್ನೂ ರೆಡ್ಸ್‌ನವರೇ ಕೊಡಬೇಕಿತ್ತು. ನಮ್ಮ ಹಳ್ಳಿ ಟೂರ್ನಿಗಳಲ್ಲಿ ಬಂದ ತಂಡಕ್ಕೆ ಊಟ ಹಾಕುತ್ತಾರೆ. ಬಸ್ ಚಾರ್ಜೂ ಕೊಡಿ ಅಂದರೆ ಯಾವ ಯುವಕ ಸಂಘ ಉಳಿಯುತ್ತೆ?

ಹೆಸರು ಊರು ಬಿಟ್ಟು ಹೋಗಲೇಬಾರದು ಅಂತೇನೂ ನಾನು ಹೇಳುವುದಿಲ್ಲ. ಶರಾವತಿ ಮುಳುಗಡೆಯಲ್ಲಿ ಮನೆ-ಗದ್ದೆ ಕಳೆದುಕೊಂಡು ಶಿವಮೊಗ್ಗ ಕಡೆ ಬಂದವರ ಮೊಮ್ಮಕ್ಕಳ ಕಬಡ್ಡಿ ತಂಡವೊಂದು ನನ್ನ ಗಿರಾಕಿ. ಅವರ ಜರ್ಸಿ ಮೇಲೆ ಇವತ್ತಿಗೂ ನೀರಿನಡಿ ಇರುವ ಹಳೇ ಊರಿನ ಹೆಸರೇ ಇದೆ. ಆ ಊರನ್ನು ಈ ಹುಡುಗರು ನೋಡಿಯೇ ಇಲ್ಲ. ಆದರೂ ಅದು ಅಜ್ಜ-ಅಜ್ಜಿ ಜೊತೆಗೆ ತಂದ ಹೆಸರು. ಬೇರ್ಸ್ ಅಭಿಮಾನಿಗಳು ಇನ್ನೂ ಸಿಡ್ನಿಯಲ್ಲೇ ಇದ್ದಾರೆ, ಹೆಸರು ಮಾತ್ರ ಹೊರಟಿದೆ.

ಪೋರ್ಟ್ ಮೊರೆಸ್ಬಿ ನನ್ನ ಪ್ರಕಾರ ಹೆಚ್ಚು ಸರಿಯಾದ ಆಯ್ಕೆ. ಪಪುವಾ ತಂಡಕ್ಕೂ ಸುತ್ತಲಿನ ದ್ವೀಪಗಳಲ್ಲಿ ಆಟ ಬೆಳೆಸುವುದಕ್ಕೂ ಸೇರಿ ಆಸ್ಟ್ರೇಲಿಯಾ ಸರ್ಕಾರ 10 ವರ್ಷಕ್ಕೆ 60 ಕೋಟಿ ಡಾಲರ್ ಕೊಡುತ್ತಿದೆ. ಇದರ ಹಿಂದೆ ಅಲ್ಲಿ ಚೀನಾದ ಪ್ರಭಾವ ತಡೆಯುವ ಲೆಕ್ಕಾಚಾರ ಇದೆ ಅನ್ನೋದು ಗುಟ್ಟೇನಲ್ಲ. ಇರಲಿ ಬಿಡಿ. ಅಲ್ಲಿ ರಗ್ಬಿ ಲೀಗ್ ಅಂದರೆ ಜನ ಪ್ರಾಣ ಬಿಡುತ್ತಾರೆ. ಆಟ ಮೊದಲೇ ಇತ್ತು, ತಂಡ ಈಗ ಬರುತ್ತಿದೆ.

ನಮ್ಮಲ್ಲಿ? ರಾಜ್ಯದ ಟಿ20 ಕ್ರಿಕೆಟ್ ಟೂರ್ನಿಯಾದ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಇದೆ. 2023, 2024ರಲ್ಲಿ ಪಂದ್ಯಗಳು ನಡೆದದ್ದು ಬೆಂಗಳೂರಿನಲ್ಲಿ, 2025ರಲ್ಲಿ ಮೈಸೂರಿನಲ್ಲಿ. ಆಗಸ್ಟ್ ಮಳೆಯಲ್ಲಿ ನಮ್ಮೂರ ನವುಲೆ ಮೈದಾನದಲ್ಲಿ ಕ್ರಿಕೆಟ್ ಕಷ್ಟ, ಒಪ್ಪುತ್ತೇನೆ. ಆದರೆ ಅದೇ ನವುಲೆಯಲ್ಲಿ 2024ರ ಜನವರಿಯಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆದು, ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಔಟಾಗದೆ 404 ರನ್ ಹೊಡೆದರು. ಮೈದಾನ ಇಲ್ಲ ಅನ್ನುವ ಹಾಗಿಲ್ಲ, ಅಲ್ವಾ? ರಗ್ಬಿಯದೂ ಇದೇ ಕಥೆ. 2025ರ ಜೂನ್‌ನಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು, ಚೆನ್ನೈ, ಹೈದರಾಬಾದ್ ಹೆಸರಿನ ತಂಡಗಳಿದ್ದವು. ಆಡಿದ್ದೆಲ್ಲ ಮುಂಬೈಯಲ್ಲಿ. (ಅದು ಏಳು ಜನರ ಆಟ, ಆಸ್ಟ್ರೇಲಿಯಾದ್ದು 13 ಜನರದು.)

ನಾಳೆ ಯಾರಾದರೂ ಮಲೆನಾಡಿನ ಹೆಸರಲ್ಲಿ ತಂಡ ಕಟ್ಟಲು ಬಂದರೆ ನಮ್ಮ ಜನಪ್ರತಿನಿಧಿಗಳು ಸುಮ್ನೆ ಹೂಗುಚ್ಛ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಬೇಡ. ವರ್ಷಕ್ಕೆ ಕೊನೇಪಕ್ಷ ಎರಡು ಪಂದ್ಯ ಇಲ್ಲೇ ಆಡಬೇಕು, ಜಿಲ್ಲೆಯ ಒಂದಿಬ್ಬರಾದರೂ ತಂಡದಲ್ಲಿರಬೇಕು ಎಂದು ಬರೆಸಿಕೊಳ್ಳಲಿ. ರಗ್ಬಿಯೇ ಆದರೆ ಇನ್ನೂ ಒಳ್ಳೆಯದು. ಸಿಡಿಲು ಬಿದ್ದರೆ ಆಟ ನಿಲ್ಲಿಸಬೇಕೇ ಹೊರತು ಮಳೆಗಲ್ಲ. ಕೆಸರುಗದ್ದೆಯಲ್ಲಿ ಓಡುವ ನಮ್ಮ ಹುಡುಗರಿಗೆ ಜಾರುವ ಭಯವಿಲ್ಲ, ಕಬಡ್ಡಿ ಆಡಿದವರಿಗೆ ಸೊಂಟ ಹಿಡಿದು ಕೆಡವುವುದನ್ನು ಹೇಳಿಕೊಡಬೇಕಾಗಿಲ್ಲ. ಚೆಂಡನ್ನು ಹಿಂದಕ್ಕೇ ಪಾಸ್ ಮಾಡಬೇಕು ಅನ್ನೋದನ್ನು ಕಲಿಸಿದರೆ ಸಾಕು.

ಜರ್ಸಿ ಆರ್ಡರ್ ನನಗೇ ಕೊಡಿ ಅಂತ ಕೇಳುತ್ತಿಲ್ಲ. ಕೊಟ್ಟರೆ ಬೇಡ ಅನ್ನುವುದೂ ಇಲ್ಲ.

ಇತಿ,
ಆಟದ ಸಾಮಾನಿನ ಅಂಗಡಿಯವ,
ದುರ್ಗಿಗುಡಿ, ಶಿವಮೊಗ್ಗ